ಒಣಗಿದ ಮೇಲೆ ಅಂಟುವುದು

ರುಸ್ತಾವಿಯ ಸಂತೆಸಾಲಿನ ಕೊನೆಯಲ್ಲಿ,
ಕಾರ್ಖಾನೆಯ ಚಿಮಣಿ ಅರ್ಧ ಕಾಣುವ ಮೂಲೆಗೆ
ನನ್ನ ತಗಡಿನ ಅಂಗಡಿ. ಮೊಳೆ, ತಿರುಪು, ನಲ್ಲಿಯ ವಾಷರು,
ಮತ್ತೆ ಅಂಟು, ಹನ್ನೊಂದು ಬಗೆ.

ಬಂದವರೆಲ್ಲ ಗಟ್ಟಿ ಅಂಟು ಕೊಡು ಅನ್ನುತ್ತಾರೆ.
ಯಾವುದಕ್ಕೆ ಯಾವುದನ್ನು ಅಂತ ಕೇಳಿದರೆ
ಮುಖ ಸಿಂಡರಿಸುತ್ತಾರೆ,
ಡಾಕ್ಟರ ಮುಂದೆ ವಯಸ್ಸು ಹೇಳಬೇಕಾದವರ ಹಾಗೆ.

ನಿನ್ನೆ ಬಂದವನು ಬೆಸಿಕ್, ಐದನೇ ಮಹಡಿಯ ನಾನುಲಿಯ ಮೊಮ್ಮಗ.
ಕಂಕುಳಲ್ಲೊಂದು ವಿಮಾನ,
ಟಿವಿ ಪೆಟ್ಟಿಗೆಯೊಳಗಿನ ಥರ್ಮೋಕೋಲು ಕುಯ್ದು ಮಾಡಿದ್ದು.
ರೆಕ್ಕೆಯ ಬುಡದಲ್ಲಿ ಹುಳುಕು ಹಲ್ಲಿನಂಥ ತೂತು.
‘ಒಂದೇ ಹನಿ ಬಿಟ್ಟೆ ಸಿಯಾಲಾ,
ತಿಂದೇಬಿಟ್ಟಿತು.’

ತಿನ್ನುತ್ತದೆ ಮಗಾ.
ಮೂರು ಉಸಿರಿನಲ್ಲಿ ಬೆರಳಿಗೆ ಬೆರಳು ಬೆಸೆವ ಆ ಪುಟ್ಟ ಟ್ಯೂಬು
ಪಿಂಗಾಣಿಗೆ ನೆಂಟ, ಥರ್ಮೋಕೋಲಿಗೆ ಗೆದ್ದಲು.
ಬಿಸಿ ಅಂಟಿನ ಪಿಸ್ತೂಲು ಮೂತಿ ತಾಗಿಸಿದರೂ ಸಾಕು,
ಹಿಮದ ಮೇಲೆ ಉಚ್ಚೆ ಹೊಯ್ದಂತೆ ಕುಳಿ.
ಬಿಳಿ ಗೋಂದು ಸಾಧುಪ್ರಾಣಿ, ಯಾರನ್ನೂ ಸುಡದು,
ಆದರೆ ಎರಡು ಹಲಗೆಯ ನಡುವೆ ಸಿಕ್ಕಿಕೊಂಡರೆ
ಗಾಳಿಯಿಲ್ಲದೆ ವಾರವಾದರೂ ಹಸಿ.
ನಂಬಿ ಎಸೆದೆಯೋ,
ರೆಕ್ಕೆಯೊಂದು ದಿಕ್ಕು, ಒಡಲೊಂದು ದಿಕ್ಕು.
ಎರಡು ಟ್ಯೂಬು ಕಲಸುವ ಎಪಾಕ್ಸಿ ಗಟ್ಟಿ, ಸುಳ್ಳಲ್ಲ.
ಭಾರ. ಧಾರಾಳವಾಗಿ ಬಳಿದರೆ ನಿನ್ನ ವಿಮಾನ
ಹಾರುವ ಬದಲು ನೆಲಕ್ಕೆ ಅಡ್ಡಬಿದ್ದೀತು.

ನಮ್ಮಮ್ಮನಿಗೆ ಈ ಚಿಂತೆ ಇರಲಿಲ್ಲ. ಒಂದೇ ಅಂಟು, ಮೈದಾ ಗಂಜಿ.
ನವೆಂಬರಿನಲ್ಲಿ ಕಿಟಕಿಯ ಸಂದಿಗೆಲ್ಲ ಹಳೇ ಪೇಪರಿನ ಪಟ್ಟಿ ಮೆತ್ತುತ್ತಿದ್ದಳು.
ಏಪ್ರಿಲಿನಲ್ಲಿ ಕಿತ್ತರೆ ಚೌಕಟ್ಟಿನ ಬಿಳಿ ಬಣ್ಣದ ಮೇಲೆ
ಕಳೆದ ವರ್ಷದ ಸುದ್ದಿ, ಕನ್ನಡಿಯಕ್ಷರದಲ್ಲಿ.

‘ಹಾಗಾದರೆ ನನಗೆ?’ ಅಂದ.
ಸ್ಟೂಲು ಹತ್ತಿ ಮೇಲಿನ ಹಲಗೆಯಿಂದ ಒಂದು ಟ್ಯೂಬು ತೆಗೆದೆ.
ಮೊದಲು ಒಂದು ಚೂರಿಗೆ ಹಚ್ಚಿ ನೋಡಿದೆವು. ಕರಗಲಿಲ್ಲ.
ತೂತಿಗೊಂದು ತುಂಡು ಕೆತ್ತಿ ಕೊಟ್ಟೆ.
ಇನ್ನು ಎರಡೂ ಕಡೆ ಹಚ್ಚು, ತೆಳ್ಳಗೆ.
ಹಚ್ಚಿದ ಕೂಡಲೇ ಕೂಡಿಸಬೇಡ. ಹತ್ತು ನಿಮಿಷ ದೂರ ಇಡು.
ಬೆರಳ ಹಿಂಬದಿ ಸೋಕಿಸಿದರೆ ಅಂಟಬಾರದು,
ಆಮೇಲೆ ಒತ್ತು. ಒಮ್ಮೆ ಮುಟ್ಟಿಸಿದರೆ ಮುಗಿಯಿತು,
ಆಚೀಚೆ ಸರಿಸುವಂತಿಲ್ಲ.

ಕಾಯುತ್ತ ಸೂರ್ಯಕಾಂತಿ ಬೀಜ ಸುಲಿದೆವು.
‘ಒಣಗಿದ ಮೇಲೆ ಅದು ಹೇಗೆ ಅಂಟುತ್ತೆ?’
ಇಪ್ಪತ್ತಾರು ವರ್ಷ ಮಾರಿದ್ದೇನೆ. ಗೊತ್ತಿಲ್ಲ ಅಂದೆ.
ಅವನ ಕಣ್ಣು ನನ್ನ ಪೆನ್ನಿನ ಕಪ್ಪಿನ ಮೇಲೆ:
‘ಇದರ ಹಿಡಿ ಯಾಕೆ ಸೊಟ್ಟ?’

ಒತಾರನ ಮೇಲೆ ಎಸೆದದ್ದು, ಗೋಡೆಗೆ ತಾಗಿತು.
ಅವನೇ ಕೂತು ಅಂಟಿಸಿದ, ಕನ್ನಡಕವಿಲ್ಲದೆ,
ಆ ಮೂರು ಉಸಿರಿನ ಟ್ಯೂಬಿನಿಂದ.
ಅದು ತಿದ್ದಲು ಬಿಡದು. ಬಿಸಿ ಚಹಾವನ್ನೂ ತಾಳದು,
ಎರಡು ಸಲ ಹಿಡಿ ಕೈಗೆ ಬಂತು,
ಎರಡು ಸಲವೂ ಅದೇ ಸೊಟ್ಟಕ್ಕೇ ಕೂರಿಸಿದ.
ಆಮೇಲಿಂದ ಅದರಲ್ಲಿ ಪೆನ್ನು.
ಇಷ್ಟನ್ನೂ ಹುಡುಗನಿಗೆ ಹೇಳಲಿಲ್ಲ.
ಬಿತ್ತು ಅಂದೆ.

ಇವತ್ತು ಸಂಜೆ ಮತ್ತೆ ಬಂದಿದ್ದ, ಮೊಣಕೈ ತರಚಿಕೊಂಡು.
ತಾರಸಿಯಿಂದ ಬಿಟ್ಟನಂತೆ; ಗ್ಯಾರೇಜುಗಳನ್ನು ದಾಟಿ,
ಒಣಹಾಕಿದ ದುಪ್ಪಟಿಗಳನ್ನು ದಾಟಿ,
ಹಾಲಿನ ವ್ಯಾನಿಗೆ ಬಡಿಯಿತಂತೆ.
ರೆಕ್ಕೆ ಮುರಿದಿದೆ.
ಅಂಟಿಸಿದಲ್ಲಿ ಅಲ್ಲ, ಅದರಿಂದ ಎರಡು ಬೆರಳು ಆಚೆ.
ಹಲ್ಲೆಲ್ಲ ಬಿಟ್ಟು ನಗುತ್ತಿದ್ದ: ‘ಟ್ಯೂಬಿನಲ್ಲಿ ಇನ್ನೂ ಮುಕ್ಕಾಲು ಇದೆ!’

ಮುಚ್ಚಳ ಹಾಕಿಟ್ಟಿದ್ದೀಯಾ, ಅಂದೆ.

ಹಾಕಿರಲಿಲ್ಲ.